ದ್ರೋಹದ ಕಥೆ ಓದಿದವರಿಗೆ ಯಾಕೆ ನೋಯುತ್ತಿಲ್ಲ?

ಪ್ರಶ್ನೆ: ನಾನು ಮೊದಲ ಕಾದಂಬರಿ ಬರೆಯುತ್ತಿದ್ದೇನೆ. ಅಪ್ಪ ಹಾಸಿಗೆ ಹಿಡಿದಿರುವಾಗ ಅಣ್ಣ ಮನೆಯನ್ನು ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ. ಆ ಪತ್ರಕ್ಕೆ ಸಾಕ್ಷಿ ಹಾಕಿದವನು ತಮ್ಮನ ಬಾಲ್ಯದ ಗೆಳೆಯ. ಅಪ್ಪ ತೀರಿಕೊಂಡ ಮೇಲೆ ತಮ್ಮನಿಗೆ ವಿಷಯ ಗೊತ್ತಾಗುತ್ತದೆ, ದೊಡ್ಡ ಜಗಳ ಆಗುತ್ತದೆ, ಕೊನೆಗೆ ಅಣ್ಣ ಅಪಘಾತದಲ್ಲಿ ಸಾಯುತ್ತಾನೆ. ಓದಿದವರೆಲ್ಲ ಒಂದೇ ಮಾತು ಹೇಳಿದರು: "ಕೋಪ ಬರುತ್ತೆ, ಆದ್ರೆ ನೋವಾಗಲ್ಲ." ಎಲ್ಲಿ ತಪ್ಪಿದೆ? ಅಣ್ಣನಿಗೆ ಕೊಟ್ಟ ಶಿಕ್ಷೆ ಸಾಲದಾ, ಅಥವಾ ಕ್ಷಮೆ ತೋರಿಸಬೇಕಿತ್ತಾ? ಮೊದಲ ಅಧ್ಯಾಯ ಮತ್ತು ಜಗಳದ ಅಧ್ಯಾಯ ಕಳಿಸಿದ್ದೇನೆ.

ಉತ್ತರ: ನಿಮ್ಮ ಓದುಗರು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಯಾರು ಯಾರಿಗೆ ಅನ್ಯಾಯ ಮಾಡಿದರೂ ಕೋಪ ಬರುತ್ತದೆ, ಗುರುತು ಪರಿಚಯ ಇಲ್ಲದವರ ಸುದ್ದಿ ಓದಿದರೂ ಬರುತ್ತದೆ. ನೋವಾಗಬೇಕು ಅಂದರೆ ಓದುವವನೂ ಏನಾದರೂ ಕಳೆದುಕೊಳ್ಳಬೇಕು. ನಿಮ್ಮ ಕಥೆಯಲ್ಲಿ ತಮ್ಮ ಮನೆ ಕಳೆದುಕೊಳ್ಳುತ್ತಾನೆ, ಓದುಗ ಏನನ್ನೂ ಕಳೆದುಕೊಳ್ಳುವುದಿಲ್ಲ. ಅಣ್ಣನನ್ನು ಇಷ್ಟಪಡುವುದಕ್ಕೆ ನೀವು ಅವನಿಗೆ ಒಂದೇ ಒಂದು ಪುಟ ಕೊಟ್ಟಿಲ್ಲ.

ಮೊದಲ ಅಧ್ಯಾಯ ಮತ್ತೆ ಓದಿ ನೋಡಿ. ಅಣ್ಣ ಬಂದ ತಕ್ಷಣ ಅಪ್ಪನ ಔಷಧಿಯ ಖರ್ಚಿಗೆ ಗೊಣಗುತ್ತಾನೆ, ಹೆಂಡತಿಯನ್ನು ಗದರುತ್ತಾನೆ, ತಮ್ಮ ಫೋನ್ ಮಾಡಿದರೆ ಅರ್ಧಕ್ಕೇ ಕಟ್ ಮಾಡುತ್ತಾನೆ. ಇವನು ಏನೋ ಮಾಡುತ್ತಾನೆ ಅಂತ ಓದುಗ ಅಲ್ಲೇ ತೀರ್ಮಾನ ಮಾಡಿಬಿಡುತ್ತಾನೆ. ಮುಂದೆ ಸಹಿಯ ವಿಷಯ ಬಂದಾಗ ಅವನಿಗೆ ಆಘಾತ ಎಲ್ಲಿಂದ ಬರಬೇಕು? ಕ್ರಿ.ಪೂ. 4ನೇ ಶತಮಾನದಲ್ಲೇ ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ ಬರೆಯುತ್ತ ಈ ವಿಷಯ ಹೇಳಿದ್ದ. ಶತ್ರು ಶತ್ರುವಿಗೆ ಕೇಡು ಮಾಡಿದರೆ ಅದರಲ್ಲಿ ಮರುಕ ಹುಟ್ಟಿಸುವಂಥದ್ದು ಜಾಸ್ತಿ ಇರುವುದಿಲ್ಲ, ಹತ್ತಿರದವರ ನಡುವೆ, ಅಣ್ಣತಮ್ಮಂದಿರ ನಡುವೆ, ತಂದೆ ಮಗನ ನಡುವೆ, ತಾಯಿ ಮಗನ ನಡುವೆ ಅದು ನಡೆದಾಗಲೇ ಎದೆ ನಡುಗುತ್ತದೆ ಎನ್ನುತ್ತಾನೆ. ನಿಮ್ಮ ಪಾತ್ರಗಳು ಹೆಸರಿಗೆ ಅಣ್ಣತಮ್ಮಂದಿರು, ನಡವಳಿಕೆಯಲ್ಲಿ ಮೊದಲ ಪುಟದಿಂದಲೇ ಶತ್ರುಗಳು.

ಹಾಗಾದರೆ ನಂಬಿಕೆಯನ್ನು ತೋರಿಸುವುದು ಹೇಗೆ? "ಇಬ್ಬರೂ ಚಿಕ್ಕಂದಿನಿಂದ ತುಂಬಾ ಅನ್ಯೋನ್ಯವಾಗಿದ್ದರು" ಅಂತ ಒಂದು ಸಾಲು ಬರೆದಿದ್ದೀರಿ. ಆ ಸಾಲನ್ನು ಯಾರೂ ನಂಬುವುದಿಲ್ಲ, ಎಲ್ಲ ಕಥೆಗಳಲ್ಲೂ ಅದು ಇರುತ್ತದೆ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಪಾಠ ಪಂಪನಲ್ಲಿದೆ. 10ನೇ ಶತಮಾನದ ಅವನ 'ವಿಕ್ರಮಾರ್ಜುನ ವಿಜಯ'ದಲ್ಲಿ ಕೃಷ್ಣ ಕರ್ಣನ ಹತ್ತಿರ ಬಂದು ಹುಟ್ಟಿನ ಗುಟ್ಟು ಹೇಳಿ ಪಾಂಡವರ ಕಡೆ ಕರೆಯುತ್ತಾನೆ. ಕರ್ಣ ಒಪ್ಪುವುದಿಲ್ಲ. ಒಪ್ಪದೇ ಇರುವುದಕ್ಕೆ ಅಂಗರಾಜ್ಯ ಕೊಟ್ಟ ಋಣ ಇದ್ದೇ ಇದೆ. ಆದರೆ ಅಲ್ಲಿ ಅವನು ನೆನೆಸಿಕೊಳ್ಳುವುದು ಒಂದು ಪಗಡೆಯಾಟವನ್ನು. ದುರ್ಯೋಧನನ ಹೆಂಡತಿ ಭಾನುಮತಿ ಸೋತಿದ್ದಾಳೆ, ಸೋತ ಪಣ ಕೊಡು ಅಂತ ಕಾಡುವಾಗ ಹಾರ ಹರಿದು ಮುತ್ತು ಚೆಲ್ಲಿಹೋಗುತ್ತವೆ, ದುರ್ಯೋಧನ ಒಂದಿಷ್ಟೂ ಸಂಶಯ ಪಡದೆ ಇವನ್ನು ಆಯ್ದು ಕೊಡಲಾ ಎಂದು ಕೇಳುತ್ತಾನೆ. (ಆ ಪದ್ಯದಲ್ಲಿ ಆಡುತ್ತಿದ್ದವರು ಯಾರು ಯಾರು ಎಂಬ ಬಗ್ಗೆ ವಿದ್ವಾಂಸರು ಬಹಳ ಚರ್ಚೆ ಮಾಡಿದ್ದಾರೆ. ಕರ್ಣ ಭಾನುಮತಿಯೊಂದಿಗೆ ಆಡುತ್ತಿದ್ದ ಎಂಬ ಅರ್ಥವೇ ಹೆಚ್ಚು ಜನರಿಗೆ ಪರಿಚಿತ, ನಾನೂ ಹಾಗೇ ಓದುತ್ತೇನೆ.) ಇಂಥವನನ್ನು ಬಿಟ್ಟು ನಿಮ್ಮ ಕಡೆ ಬಂದರೆ ನಾನು ಎಂಥವನಾಗುತ್ತೇನೆ ಎಂಬುದು ಕರ್ಣನ ಪ್ರಶ್ನೆ.

ಕೊಟ್ಟ ರಾಜ್ಯಕ್ಕೆ ಯುದ್ಧ ಮಾಡಿ ಋಣ ತೀರಿಸಬಹುದು. ಸಂಶಯ ಪಡಬಹುದಾಗಿದ್ದ ಗಳಿಗೆಯಲ್ಲಿ ಒಬ್ಬ ಸಂಶಯ ಪಡಲಿಲ್ಲ ಎಂಬುದನ್ನು ಯಾವುದರಿಂದ ತೀರಿಸುವುದು? ನಿಮ್ಮ ಅಣ್ಣತಮ್ಮಂದಿರಿಗೆ ಬೇಕಾಗಿರುವುದು ಇಂಥ ಒಂದು ಗಳಿಗೆ. ತಮ್ಮ ಹದಿನೈದು ವರ್ಷದವನಿದ್ದಾಗ ಮನೆಯಲ್ಲಿ ಹಣ ಕಾಣೆಯಾಯಿತು ಅಂದುಕೊಳ್ಳಿ. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು, ಅಣ್ಣ ಮಾತ್ರ "ಅವನು ತಗೊಂಡಿಲ್ಲ" ಅಂದ, ಯಾಕೆ ಅಂತ ಕೇಳಿದವರಿಗೆ ಕಾರಣವನ್ನೂ ಕೊಡಲಿಲ್ಲ. ಎರಡು ಪುಟ ಸಾಕು. ಮುಂದೆ ಇದೇ ಅಣ್ಣ ಸಹಿ ಮಾಡಿಸಿಕೊಂಡ ಅಂತ ಗೊತ್ತಾದಾಗ ಓದುಗ ಮೊದಲು ನೆನೆಸಿಕೊಳ್ಳುವುದು ಆ ಎರಡು ಪುಟವನ್ನೇ. ಅವತ್ತು ನನ್ನನ್ನು ನಂಬಿದ್ದು ನಿಜವಾ, ಅಥವಾ ಹಣ ತೆಗೆದವನು ಇವನೇನಾ, ಅದಕ್ಕೇ ಅಷ್ಟು ಖಚಿತವಾಗಿ ಹೇಳಿದನಾ?

ದ್ರೋಹದ ಬಗ್ಗೆ ಬರೆಯುವವರಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ, ನಿಮಗೆ ಕೊಡಬೇಕಾದ ಉತ್ತರದ ಮುಖ್ಯ ಭಾಗವೂ ಇದೇ. ದ್ರೋಹದ ಪರಿಣಾಮ ಮುಂದಕ್ಕೆ ಹೋಗುವಷ್ಟೇ ಹಿಂದಕ್ಕೂ ಹೋಗುತ್ತದೆ. ಕಳ್ಳ ಬಂದು ಮನೆ ದೋಚಿದರೆ ನಿನ್ನೆಯ ದಿನಗಳು ಹಾಗೇ ಇರುತ್ತವೆ. ಅಣ್ಣ ಮೋಸ ಮಾಡಿದರೆ ಒಟ್ಟಿಗೆ ಕಳೆದ ಒಂದೊಂದು ದಿನವನ್ನೂ ಮತ್ತೆ ತೆಗೆದು ನೋಡಬೇಕಾಗುತ್ತದೆ. ನಗು ನಿಜವಾಗಿತ್ತಾ? ಆ ಸಲ ಅವನು ಫೋನ್ ಮಾಡಿ "ನೀನು ಬರೋದು ಬೇಡ, ನಾನು ನೋಡ್ಕೋತೀನಿ" ಅಂದಿದ್ದು ಪ್ರೀತಿಗಾ, ನಾನು ಬರಬಾರದು ಅಂತಾನಾ? ಮನೆ ಹೋಗಿದ್ದಕ್ಕಿಂತ ಈ ಮರು ಎಣಿಕೆ ಮನುಷ್ಯನನ್ನು ಜಾಸ್ತಿ ತಿನ್ನುತ್ತದೆ. ನಿಮ್ಮ ಜಗಳದ ಅಧ್ಯಾಯದಲ್ಲಿ ತಮ್ಮ ಹದಿನಾಲ್ಕು ಪುಟ ಕೂಗಾಡುತ್ತಾನೆ, ಒಂದು ಸಲವೂ ಹಿಂದೆ ತಿರುಗಿ ನೋಡುವುದಿಲ್ಲ.

ಷೇಕ್ಸ್‌ಪಿಯರ್‌ನ 'ಕಿಂಗ್ ಲಿಯರ್' ನಾಟಕದಲ್ಲಿ ಗ್ಲಾಸ್ಟರ್ ಎಂಬ ಶ್ರೀಮಂತನ ಕಥೆ ಇದೆ. ಅವನಿಗೆ ಇಬ್ಬರು ಗಂಡುಮಕ್ಕಳು, ಎಡ್ಗರ್ ಮತ್ತು ಮದುವೆಯ ಹೊರಗೆ ಹುಟ್ಟಿದ ಎಡ್ಮಂಡ್. ಎಡ್ಮಂಡ್ ಒಂದು ಸುಳ್ಳು ಪತ್ರ ಸೃಷ್ಟಿಸಿ ಎಡ್ಗರ್ ಅಪ್ಪನನ್ನು ಕೊಲ್ಲಲು ಹೊಂಚು ಹಾಕಿದ್ದಾನೆ ಎಂದು ನಂಬಿಸುತ್ತಾನೆ, ಆಮೇಲೆ ಅಪ್ಪನನ್ನೂ ಶತ್ರುಗಳಿಗೆ ಹಿಡಿದುಕೊಡುತ್ತಾನೆ. ಗ್ಲಾಸ್ಟರ್‌ನ ಕಣ್ಣು ಕೀಳುತ್ತಾರೆ. ಆ ನೋವಿನಲ್ಲಿ ಅವನು ಎಡ್ಮಂಡ್‌ನನ್ನೇ ಕರೆಯುತ್ತಾನೆ. ನಿನ್ನನ್ನು ಹಿಡಿದುಕೊಟ್ಟವನೇ ಅವನು ಎಂಬ ಉತ್ತರ ಬರುತ್ತದೆ. ಅಲ್ಲಿ ಗ್ಲಾಸ್ಟರ್ ಎಡ್ಮಂಡ್‌ನನ್ನು ಬೈಯುತ್ತಾ ಕೂರುವುದಿಲ್ಲ. ಹಾಗಾದರೆ ಎಡ್ಗರ್‌ಗೆ ನಾನು ಅನ್ಯಾಯ ಮಾಡಿದೆ ಎಂಬುದು ಅವನಿಗೆ ಮೊದಲು ಹೊಳೆಯುತ್ತದೆ. ಮೋಸ ಹೋದವನು ಆ ಕ್ಷಣದಲ್ಲೇ ತಾನೂ ಒಬ್ಬರಿಗೆ ಮೋಸ ಮಾಡಿದವನು ಅಂತ ಕಂಡುಕೊಳ್ಳುತ್ತಾನೆ. ಎರಡೇ ಸಾಲಿನಲ್ಲಿ ಇಡೀ ಹಿಂದಿನ ಕಥೆ ತಲೆಕೆಳಗಾಗುತ್ತದೆ.

ಅದೇ ನಾಟಕದಿಂದ ಇನ್ನೊಂದು ವಿಷಯವನ್ನೂ ನೀವು ಕಲಿಯಬೇಕು, ಅಣ್ಣನ ಪಾತ್ರಕ್ಕೆ. ನಾಟಕ ಶುರುವಾಗುವುದೇ ಗ್ಲಾಸ್ಟರ್ ತನ್ನ ಈ ಮಗನ ಹುಟ್ಟಿನ ಬಗ್ಗೆ, ಅವನ ಎದುರಿಗೇ, ಇನ್ನೊಬ್ಬರ ಹತ್ತಿರ ಹಗುರವಾಗಿ ಮಾತಾಡುವುದರಿಂದ. ಎಡ್ಮಂಡ್ ಪಕ್ಕದಲ್ಲೇ ನಿಂತಿದ್ದಾನೆ. ಮುಂದಿನ ದೃಶ್ಯದಲ್ಲಿ ಅವನು ಒಬ್ಬನೇ ಬಂದು ನನ್ನಲ್ಲಿ ಏನು ಕಡಿಮೆ ಇದೆ ಅಂತ ಕೇಳುತ್ತಾನೆ, ಆಮೇಲೆ ಪತ್ರದ ಮೋಸ ಶುರುವಾಗುತ್ತದೆ. ನಾವು ಅವನ ಕೆಲಸವನ್ನು ಒಪ್ಪುವುದಿಲ್ಲ, ಅವನ ಪ್ರಶ್ನೆಯನ್ನು ತಳ್ಳಿಹಾಕಲೂ ಆಗುವುದಿಲ್ಲ. ನಿಮ್ಮ ಅಣ್ಣನಿಗೆ ಇಂಥ ಪ್ರಶ್ನೆ ಏನಿದೆ? ಅಪ್ಪನನ್ನು ಮೂರು ವರ್ಷ ನೋಡಿಕೊಂಡವನು ಅವನು ಅಂತ ನೀವೇ ಒಂದು ಕಡೆ ಬರೆದಿದ್ದೀರಿ, ಬರೆದು ಅಲ್ಲೇ ಬಿಟ್ಟಿದ್ದೀರಿ. ಮೈ ಒರೆಸಿದ್ದು, ರಾತ್ರಿ ಎದ್ದಿದ್ದು, ತಮ್ಮ ತಿಂಗಳಿಗೊಮ್ಮೆ ಬಂದಾಗ ಅಪ್ಪನ ಮುಖ ಅರಳಿದ್ದು, ತಾನು ಇಪ್ಪತ್ತನಾಲ್ಕು ಗಂಟೆ ಇದ್ದರೂ ಅದು ಅರಳದೇ ಇದ್ದದ್ದು. ಈ ಕೊನೆಯದು ತುಂಬಾ ಮುಖ್ಯ. ಮನೆ ಬೇಕು ಎಂಬ ಆಸೆಯಿಂದ ಸಹಿ ಮಾಡಿಸಿಕೊಂಡವನು ಬೇರೆ, ನನಗೂ ಒಂದು ಲೆಕ್ಕ ಇದೆ ಎಂದು ತೋರಿಸಿಕೊಳ್ಳಲು ಮಾಡಿಸಿಕೊಂಡವನು ಬೇರೆ. ತನ್ನ ಕಣ್ಣಲ್ಲಿ ತಾನು ಮೋಸಗಾರ ಅಂದುಕೊಂಡು ಮನೆಯವರಿಗೆ ಮೋಸ ಮಾಡುವವರು ಬಹಳ ಕಡಿಮೆ. ಹೆಚ್ಚಿನವರ ಹತ್ತಿರ ತಾವೇ ಮೊದಲು ಮೋಸ ಹೋದೆವು ಎಂಬ ಒಂದು ಕಥೆ ಇರುತ್ತದೆ. ಆ ಕಥೆಯನ್ನು ನೀವು ನಂಬುವಷ್ಟು ಚೆನ್ನಾಗಿ ಬರೆಯಿರಿ. ಬರೆದರೆ ಅಣ್ಣನನ್ನು ಸಮರ್ಥಿಸಿದ ಹಾಗಾಗುತ್ತದೆ ಅಂತ ಹೆದರಬೇಡಿ, ಕಾರಣ ಅರ್ಥವಾದ ಮೇಲೂ ತಪ್ಪು ತಪ್ಪಾಗಿಯೇ ಉಳಿಯುತ್ತದೆ, ಆಗಲೇ ಅದು ನೋಯುವುದು.

ಈಗ ಗೆಳೆಯನ ವಿಷಯ. ನಿಮ್ಮ ಕಾದಂಬರಿಯ ಅತ್ಯಂತ ಬೆಲೆಬಾಳುವ ಪಾತ್ರ ಅವನು, ನೀವು ಅವನಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಅವನು ಸಾಕ್ಷಿ ಹಾಕಿದ್ದಕ್ಕೆ ಕಾರಣ ಅಣ್ಣ ಕೊಟ್ಟ ಹಣ ಅಂತ ಹೇಳಿ ಮುಗಿಸಿದ್ದೀರಿ. ಹಣ ಅಂದಕೂಡಲೇ ವಿಷಯ ಮುಗಿದುಹೋಗುತ್ತದೆ, ಯೋಚಿಸಲು ಏನೂ ಉಳಿಯುವುದಿಲ್ಲ.

ಮನೆಯವರ ದ್ರೋಹಕ್ಕೂ ಗೆಳೆಯರ ದ್ರೋಹಕ್ಕೂ ದೊಡ್ಡ ವ್ಯತ್ಯಾಸ ಇದೆ. ಅಣ್ಣನನ್ನು ತಮ್ಮ ಆರಿಸಿಕೊಂಡಿಲ್ಲ. ಅವನು ಕೆಟ್ಟವನಾದರೆ ಅದು ದುರದೃಷ್ಟ. ಗೆಳೆಯನನ್ನು ಅವನೇ ಆರಿಸಿಕೊಂಡಿದ್ದ. ಆದ್ದರಿಂದ ಗೆಳೆಯ ಕೈಕೊಟ್ಟರೆ ಜೊತೆಗೆ ತನ್ನ ತಿಳುವಳಿಕೆಯ ಮೇಲಿನ ನಂಬಿಕೆಯೂ ಹೋಗುತ್ತದೆ, ನಾನು ಜನರನ್ನು ಅಳೆಯುವ ರೀತಿಯೇ ತಪ್ಪಾ ಅನ್ನಿಸುತ್ತದೆ. ಇನ್ನೊಂದು ಕಷ್ಟ ಇದೆ. ಅಣ್ಣನ ಮೇಲೆ ಕೋರ್ಟಿಗೆ ಹೋಗಬಹುದು, ನೆಂಟರು ಸೇರಿ ಪಂಚಾಯಿತಿ ಮಾಡಬಹುದು, ಸಮಾಧಾನ ಹೇಳುವವರು ಹತ್ತು ಜನ ಬರಬಹುದು. ಗೆಳೆಯನನ್ನು ಕಳೆದುಕೊಂಡವನಿಗೆ ಯಾರು ಬಂದು ಸಮಾಧಾನ ಹೇಳುತ್ತಾರೆ? "ಬಿಡು, ಇನ್ನೊಬ್ಬ ಸಿಗ್ತಾನೆ" ಅನ್ನುತ್ತಾರೆ ಅಷ್ಟೇ. ಆ ದುಃಖಕ್ಕೆ ಸಂಬಂಧದ ಹೆಸರಿಲ್ಲ, ಶೋಕಾಚರಣೆ ಇಲ್ಲ.

ಇಟಲಿಯ ಕವಿ ಡಾಂಟೆ 14ನೇ ಶತಮಾನದಲ್ಲಿ ಬರೆದ ಕಾವ್ಯದಲ್ಲಿ ನರಕದ ತಳದ ಒಂಬತ್ತನೇ ಸುತ್ತನ್ನು ದ್ರೋಹಿಗಳಿಗೆ ಇಟ್ಟಿದ್ದಾನೆ. ಅಲ್ಲಿ ಬೆಂಕಿ ಇಲ್ಲ, ಹೆಪ್ಪುಗಟ್ಟಿದ ಮಂಜು. ಅದರಲ್ಲೂ ನಾಲ್ಕು ಭಾಗ. ರಕ್ತಸಂಬಂಧಿಗಳಿಗೆ ದ್ರೋಹ ಮಾಡಿದವರು ಮೊದಲ ಭಾಗದಲ್ಲಿ, ಆಮೇಲೆ ನಾಡಿಗೆ ದ್ರೋಹ ಮಾಡಿದವರು, ಅದಕ್ಕಿಂತ ಆಳದಲ್ಲಿ ಅತಿಥಿಗಳಿಗೆ ದ್ರೋಹ ಮಾಡಿದವರು, ಎಲ್ಲಕ್ಕಿಂತ ಕೆಳಗೆ ಉಪಕಾರ ಮಾಡಿದವರಿಗೇ ದ್ರೋಹ ಬಗೆದವರು. ಅತಿಥಿಗೆ ಮಾಡಿದ ದ್ರೋಹ ಅಣ್ಣತಮ್ಮಂದಿರಿಗೆ ಮಾಡಿದ್ದಕ್ಕಿಂತ ಕೆಳಗೆ ಯಾಕೆ? ವ್ಯಾಖ್ಯಾನ ಬರೆದ ಹಲವರು ಕೊಡುವ ಕಾರಣ, ಆ ಸಂಬಂಧವನ್ನು ಮನುಷ್ಯ ತಾನಾಗಿ ಒಪ್ಪಿಕೊಂಡು ಕಟ್ಟಿಕೊಂಡಿರುತ್ತಾನೆ ಎಂಬುದು. ಆ ಭಾಗದಲ್ಲಿರುವವರ ಕಣ್ಣೀರು ಕಣ್ಣಲ್ಲೇ ಹೆಪ್ಪುಗಟ್ಟಿ ಅಳುವುದಕ್ಕೂ ಆಗದ ಹಾಗೆ ಮಾಡಿರುತ್ತದೆ. ನರಕದ ಈ ಲೆಕ್ಕಾಚಾರವನ್ನು ನೀವು ಒಪ್ಪಬೇಕಾಗಿಲ್ಲ. ಆರಿಸಿಕೊಂಡ ಸಂಬಂಧಕ್ಕೆ ಅವನು ಕೊಟ್ಟ ತೂಕವನ್ನು ಮಾತ್ರ ಗಮನಿಸಿ.

ಹಾಗಾದರೆ ಗೆಳೆಯ ಯಾಕೆ ಸಹಿ ಹಾಕಿದ? ನಾನಾಗಿದ್ದರೆ ಹಣವನ್ನು ಪೂರ್ತಿ ತೆಗೆದುಹಾಕುತ್ತಿದ್ದೆ. ಅವನು ಅದೇ ಬೀದಿಯಲ್ಲಿದ್ದವನು. ಮೂರು ವರ್ಷ ಅಣ್ಣ ಏನೇನು ಮಾಡಿದ ಅಂತ ಕಣ್ಣಾರೆ ಕಂಡವನು. ತಮ್ಮ ಬರುತ್ತೇನೆ ಅಂತ ಹೇಳಿ ಬಾರದೇ ಇದ್ದ ದಿನಗಳನ್ನೂ ಕಂಡವನು. ಸಹಿ ಹಾಕುವಾಗ ಅವನ ಮನಸ್ಸಿನಲ್ಲಿ ಇದ್ದದ್ದು, ಈ ಮನೆ ಅಣ್ಣನಿಗೇ ಸಲ್ಲಬೇಕು ಎಂಬ ತೀರ್ಮಾನ. ಈಗ ತಮ್ಮನ ಸ್ಥಿತಿ ನೋಡಿ. ಹಣಕ್ಕೆ ಮಾರಿಕೊಂಡವನನ್ನು ಕೀಳಾಗಿ ನೋಡಿ ಮುಂದೆ ಹೋಗಬಹುದು. ತನ್ನನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಒಬ್ಬ ಮನುಷ್ಯ ಎಲ್ಲವನ್ನೂ ನೋಡಿ, ತೂಗಿ, ತನ್ನ ವಿರುದ್ಧ ತೀರ್ಪು ಕೊಟ್ಟಿದ್ದಾನೆ ಅಂದರೆ ಎಲ್ಲಿಗೆ ಹೋಗುವುದು? ಆದರೂ ಅವನು ಮಾಡಿದ್ದು ದ್ರೋಹವೇ. ಆ ತೀರ್ಪನ್ನು ಮುಖಕ್ಕೆ ಹೇಳುವ ಅವಕಾಶ ನೂರು ಸಲ ಇತ್ತು, ಹೇಳದೆ ಕಾಗದದಲ್ಲಿ ಬರೆದ. ಇಬ್ಬರ ಮಾತಿನಲ್ಲೂ ನಿಜ ಇದೆ, ಇಬ್ಬರೂ ತಪ್ಪಿತಸ್ಥರು. ಇಲ್ಲಿ ನಿಮ್ಮ ಕಾದಂಬರಿ ನಿಜವಾಗಿ ಶುರುವಾಗುತ್ತದೆ ಅನ್ನಿಸುತ್ತದೆ ನನಗೆ.

ಇನ್ನು ಅಮ್ಮ. ಸಹಿ ನಡೆದ ದಿನ ಅಮ್ಮ ಪಕ್ಕದ ಕೋಣೆಯಲ್ಲಿದ್ದರು ಅಂತ ಬರೆದಿದ್ದೀರಿ, ಆಮೇಲೆ ಅವರನ್ನು ಮರೆತೇಬಿಟ್ಟಿದ್ದೀರಿ. ಅವರಿಗೆ ಗೊತ್ತಿತ್ತಾ? ಕುಟುಂಬದ ದ್ರೋಹದಲ್ಲಿ ಮಾಡಿದವನು ಒಬ್ಬನಾದರೆ ಗೊತ್ತಿದ್ದೂ ಸುಮ್ಮನಿದ್ದವರು ನಾಲ್ಕು ಜನ ಇರುತ್ತಾರೆ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಸತ್ತ ಕರ್ಣನ ಮುಂದೆ ನಿಂತು ಗೋಳಾಡುವಾಗ ಒಂದು ಬೆಚ್ಚಿಬೀಳಿಸುವ ಮಾತು ಹೇಳುತ್ತಾನೆ. ನೀನು ಯಾರೆಂದು ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ ಅಂತ. ಅಂದರೆ ದುರ್ಯೋಧನನಿಗೆ ಗೊತ್ತಿತ್ತು! ಅದನ್ನು ಎರಡು ರೀತಿ ಓದಬಹುದು. ಶತ್ರುವಿನ ಅಣ್ಣ ಅಂತ ಗೊತ್ತಿದ್ದೂ ಪೂರ್ತಿ ನಂಬಿದ ಅಂತ ಓದಿದರೆ ಅದಕ್ಕಿಂತ ದೊಡ್ಡ ಸ್ನೇಹ ಇಲ್ಲ. ಗೊತ್ತಿದ್ದೂ ಅಣ್ಣತಮ್ಮಂದಿರನ್ನು ಬಡಿದಾಡಲು ಬಿಟ್ಟ ಅಂತ ಓದಿದರೆ ಅದೇ ಮಾತು ಬೇರೆಯೇ ಆಗುತ್ತದೆ. ರನ್ನ ದುರ್ಯೋಧನನ ದುಃಖವನ್ನು ಪೂರ್ತಿ ನಿಜವಾಗಿ ಬರೆದಿದ್ದಾನೆ, ಆದ್ದರಿಂದ ನನಗೆ ಮೊದಲನೆಯದೇ ಹತ್ತಿರ, ಆದರೆ ಎರಡನೆಯದು ಮನಸ್ಸಿನಿಂದ ಹೋಗುವುದಿಲ್ಲ. ನಿಮ್ಮ ಅಮ್ಮನ ಮೌನಕ್ಕೂ ಈ ಎರಡು ಮುಖ ಇರಲಿ. ಮನೆ ಒಡೆಯಬಾರದು ಅಂತ ಸುಮ್ಮನಿದ್ದರಾ, ಮುಂದೆ ತನ್ನನ್ನು ನೋಡಿಕೊಳ್ಳುವವನು ದೊಡ್ಡ ಮಗ ಅಂತಾನಾ? ತಮ್ಮ ಅದನ್ನು ಕೇಳುವ ದೃಶ್ಯ ಅಣ್ಣನ ಜೊತೆಗಿನ ಜಗಳಕ್ಕಿಂತ ಕಷ್ಟದ್ದು. ಬಹುಶಃ ಅವನು ಕೇಳುವುದೇ ಇಲ್ಲ.

ಜಗಳದ ಅಧ್ಯಾಯದ ಬಗ್ಗೆ ಕೇಳಿದ್ದಿರಿ. ಅಲ್ಲಿ ಇಬ್ಬರೂ ಭಾಷಣ ಮಾಡುತ್ತಿದ್ದಾರೆ. "ನೀನು ರಕ್ತಸಂಬಂಧಕ್ಕೇ ದ್ರೋಹ ಬಗೆದೆ" ಅಂತ ಯಾರು ಮಾತಾಡುತ್ತಾರೆ? ಒಂದೇ ಮನೆಯಲ್ಲಿ ಬೆಳೆದವರು ದೊಡ್ಡ ವಿಷಯವನ್ನು ನೇರವಾಗಿ ಎತ್ತುವುದಿಲ್ಲ, ಯಾವುದೋ ಸಣ್ಣ ವಸ್ತುವನ್ನು ಹಿಡಿದುಕೊಂಡು ಅದರ ಸುತ್ತ ತಿರುಗುತ್ತಾರೆ. ಉದಾಹರಣೆಗೆ ಹೀಗೆ ಬರೆಯಬಹುದು:

"ಅಪ್ಪನ ಕನ್ನಡಕ ಎಲ್ಲಿದೆ?"

"ಯಾಕೆ?"

"ಬೇಕು."

"ಬೀರುವಿನಲ್ಲಿ ಇರಬಹುದು ನೋಡು."

"ಸಹಿ ಹಾಕುವಾಗ ಹಾಕಿಕೊಂಡಿದ್ರಾ?"

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ರಾತ್ರಿ ನಾಲ್ಕು ಸಲ ಎಬ್ಬಿಸೋರು. ಮೂರು ವರ್ಷ. ಗೊತ್ತಾ ನಿನಗೆ?"

"ಕನ್ನಡಕ ಹಾಕಿಕೊಂಡಿದ್ರಾ, ಅಣ್ಣ?"

ಇಲ್ಲಿ ತಮ್ಮ ಕೇಳುತ್ತಿರುವುದು ಅಪ್ಪ ಆ ಕಾಗದ ಓದಿ ಸಹಿ ಹಾಕಿದರಾ ಅಂತ. ಓದಿ ಹಾಕಿದ್ದರೆ ಅಪ್ಪನೇ ಅವನನ್ನು ಬಿಟ್ಟುಕೊಟ್ಟ ಹಾಗೆ. ಓದದೆ ಹಾಕಿದ್ದರೆ ಅಣ್ಣ ಮೋಸಗಾರ. ಯಾವ ಉತ್ತರ ಬರಲಿ ಅಂತ ಅವನು ಬಯಸುತ್ತಾನೆ ಎಂಬುದು ಅವನಿಗೇ ಗೊತ್ತಿಲ್ಲ. ಅಣ್ಣನೂ ಆ ಪ್ರಶ್ನೆಗೆ ಉತ್ತರ ಕೊಡದೆ ತನ್ನ ಲೆಕ್ಕ ಹೇಳುತ್ತಿದ್ದಾನೆ. ಇಬ್ಬರೂ ಬೇರೆ ಬೇರೆ ಜಗಳ ಆಡುತ್ತಿದ್ದಾರೆ. ಒಂದು ಮಾತು ಗಮನದಲ್ಲಿರಲಿ, "ಅಣ್ಣ" ಎಂಬ ಕರೆಯನ್ನು ಜಗಳದ ನಡುವೆಯೂ ಬಿಡಿಸಬೇಡಿ. ಅಭ್ಯಾಸದಿಂದ ಬಾಯಿಗೆ ಬರುವ ಆ ಕರೆ ಬೈಗುಳಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಇನ್ನು ಶಿಕ್ಷೆ ಮತ್ತು ಕ್ಷಮೆ. ಅಪಘಾತವನ್ನು ದಯವಿಟ್ಟು ತೆಗೆಯಿರಿ. ಅದಕ್ಕೂ ಅಣ್ಣ ಮಾಡಿದ್ದಕ್ಕೂ ಏನೂ ಸಂಬಂಧ ಇಲ್ಲ, ಆ ಲಾರಿಯನ್ನು ಕಳಿಸಿದವರು ನೀವು. ಓದುಗನಿಗೆ ಅದು ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಅಣ್ಣ ಸತ್ತಕೂಡಲೇ ಎಲ್ಲರಿಗೂ ಬಿಡುಗಡೆ. ತಮ್ಮ ಕ್ಷಮಿಸಬೇಕಾ ಬೇಡವಾ ಅಂತ ತೀರ್ಮಾನ ಮಾಡಬೇಕಾಗಿಲ್ಲ, ಅಮ್ಮ ಯಾರ ಮನೆಯಲ್ಲಿರಬೇಕು ಎಂಬ ಪ್ರಶ್ನೆ ಇಲ್ಲ, ಗೆಳೆಯ ಮುಖ ತೋರಿಸಬೇಕಾಗಿಲ್ಲ. ಕಷ್ಟದ ದೃಶ್ಯಗಳನ್ನೆಲ್ಲ ಒಂದು ಸಾವು ನುಂಗಿಹಾಕಿತು.

ಅಣ್ಣ ಬದುಕಿರಲಿ, ಮನೆ ಅವನಿಗೇ ಸಿಗಲಿ. ಆಮೇಲೆ ಅವನು ಮಾಡಿದ ಕೆಲಸದಿಂದಲೇ ಏನೇನು ಹುಟ್ಟುತ್ತದೆ ಅಂತ ನೋಡಿ. ತಮ್ಮನ ವಿರುದ್ಧ ಸಾಕ್ಷಿ ಹಾಕಿದ ಗೆಳೆಯ ನಾಳೆ ತನ್ನ ವಿರುದ್ಧವೂ ಹೇಳಬಹುದು ಎಂಬ ಭಯ ಅಣ್ಣನಿಗೆ ಬಂದೇ ಬರುತ್ತದೆ, ಅವನನ್ನು ದೂರ ಇಡಲೂ ಆಗುವುದಿಲ್ಲ, ಹತ್ತಿರ ಇಟ್ಟುಕೊಳ್ಳಲೂ ಆಗುವುದಿಲ್ಲ. ತನ್ನ ಇಬ್ಬರು ಮಕ್ಕಳು ಜಗಳ ಆಡಿದಾಗ "ಅಣ್ಣತಮ್ಮಂದಿರು ಹೀಗೆ ಆಡಬಾರದು" ಅಂತ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಾನೆ. ಅಮ್ಮ ಅದೇ ಮನೆಯಲ್ಲಿರುತ್ತಾರೆ, ಅವನ ಜೊತೆ ಚೆನ್ನಾಗಿಯೇ ಮಾತಾಡುತ್ತಾರೆ, ಅಪ್ಪನ ಕೋಣೆಯೊಳಗೆ ಮಾತ್ರ ಹೋಗುವುದಿಲ್ಲ. ಆ ಕಡೆ ತಮ್ಮ ಎಲ್ಲ ಕಾಗದವನ್ನೂ ಎರಡೆರಡು ಸಲ ಓದುವವನಾಗುತ್ತಾನೆ. ಮಗಳ ಶಾಲೆಯ ಅರ್ಜಿಗೆ ಸಹಿ ಹಾಕು ಅಂತ ಹೆಂಡತಿ ಕೊಟ್ಟರೆ ಅದನ್ನೂ ಓದುತ್ತಾನೆ, ಅವಳು ನೋಡುತ್ತಾ ನಿಂತಿರುತ್ತಾಳೆ. ದ್ರೋಹ ಮಾಡಿದವರ ಮೇಲಿನ ಸಂಶಯ ಏನೂ ಮಾಡದವರ ಮೇಲೆ ಹೀಗೆ ಹರಡುತ್ತದೆ, ಇದು ಬಹಳ ಕಥೆಗಾರರು ಬಿಟ್ಟುಬಿಡುವ ಪರಿಣಾಮ. ಮುಂದಿನ ತಲೆಮಾರಿನ ಮಕ್ಕಳಿಗೆ ಕಾರಣ ಗೊತ್ತಿರುವುದಿಲ್ಲ, ದೊಡ್ಡಪ್ಪನ ಹೆಸರು ಬಂದಾಗ ಎಲ್ಲರೂ ಮಾತು ಬದಲಿಸುತ್ತಾರೆ ಎಂಬುದಷ್ಟೇ ಗೊತ್ತಿರುತ್ತದೆ.

ಕ್ಷಮೆಯ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕ್ಷಮಿಸುವುದು ಮತ್ತು ಮತ್ತೆ ನಂಬುವುದು ಬೇರೆ ಬೇರೆ, ನಿಮ್ಮ ಕಾದಂಬರಿಯಲ್ಲೂ ಅವನ್ನು ಬೇರೆಯಾಗಿಯೇ ಇಡಿ. ತಮ್ಮ ಅಣ್ಣನನ್ನು ಕ್ಷಮಿಸಬಹುದು, ಆಸ್ಪತ್ರೆಗೆ ಸೇರಿಸಿದರೆ ನೋಡಲು ಹೋಗಬಹುದು, ಆದರೆ ಇನ್ನೊಂದು ಸಲ ತನ್ನ ಮನಸ್ಸಿನ ಮಾತು ಹೇಳಿಕೊಳ್ಳದೇ ಇರಬಹುದು. ಅಥವಾ ತಲೆಕೆಳಗು, ಯಾವತ್ತೂ ಕ್ಷಮಿಸದೆ, ಕಷ್ಟ ಬಂದಾಗ ಮೊದಲು ಫೋನ್ ಮಾಡುವುದು ಅವನಿಗೇ ಆಗಬಹುದು. ಇಂಥದ್ದು ಮನೆಗಳಲ್ಲಿ ನಡೆಯುತ್ತದೆ. ಅಣ್ಣ ಕ್ಷಮೆ ಕೇಳುವ ದೃಶ್ಯ ಬರೆಯುವುದಾದರೆ "ಏನೋ ಆಗಿಹೋಯ್ತು, ಮರೆತುಬಿಡು" ಅಂತ ಕೇಳಿಸಬೇಡಿ, ಕೇಳಿಸುವುದಾದರೆ ಅದು ಕ್ಷಮೆ ಕೇಳಿದ್ದಲ್ಲ ಎಂಬುದು ತಮ್ಮನಿಗೆ ಅರ್ಥವಾಗಲಿ. ಮಾಡಿದ್ದನ್ನು ಅದರ ಹೆಸರು ಹಿಡಿದು ಹೇಳಬೇಕು: ಅಪ್ಪನಿಗೆ ಕನ್ನಡಕ ಕೊಡಲಿಲ್ಲ, ಕೇಳಿದರು, ಆದರೂ ಕೊಡಲಿಲ್ಲ. ಅಷ್ಟು ಹೇಳಿದರೆ ಉಳಿದದ್ದು ಬೇಡ. ತಮ್ಮ ಕ್ಷಮಿಸದೇ ಇದ್ದರೂ ಪರವಾಗಿಲ್ಲ, ಅವನನ್ನು ಸಣ್ಣ ಮನಸ್ಸಿನವನು ಅಂತ ಮಾತ್ರ ತೋರಿಸಬೇಡಿ. ಮೋಸ ಹೋದವನ ಮೇಲೆ ದೊಡ್ಡವನಾಗುವ ಭಾರವನ್ನೂ ಹೊರಿಸುವುದು ಕಥೆಗಾರ ಮಾಡುವ ಇನ್ನೊಂದು ಅನ್ಯಾಯ.

ಎಲ್ಲವನ್ನೂ ಒಂದೇ ಸಲ ತಿದ್ದಲು ಹೋಗಬೇಡಿ. ಮೊದಲು ಹಣ ಕಾಣೆಯಾದ ದಿನದ ಎರಡು ಪುಟ, ಅಥವಾ ನಿಮಗೆ ಹೊಳೆಯುವ ಬೇರೆ ಯಾವುದಾದರೂ ನಂಬಿಕೆಯ ಗಳಿಗೆ, ಅದನ್ನು ಬರೆಯಿರಿ. ಆಮೇಲೆ ಸಹಿಯ ದಿನವನ್ನು ಪೂರ್ತಿ ಗೆಳೆಯನ ಕಣ್ಣಿನಿಂದ ಒಮ್ಮೆ ಬರೆದು ನೋಡಿ, ಅದು ಕಾದಂಬರಿಯಲ್ಲಿ ಉಳಿಯದೇ ಹೋದರೂ ಚಿಂತೆಯಿಲ್ಲ, ಅವನು ಯಾಕೆ ಸಹಿ ಹಾಕಿದ ಅಂತ ನಿಮಗೆ ಗೊತ್ತಾಗುತ್ತದೆ. ಜಗಳವನ್ನು ಅದಾದ ಮೇಲೆ ಮುಟ್ಟಿ. ಈ ಎರಡು ಭಾಗ ಬರೆದ ಮೇಲೆ ಅದೇ ಓದುಗರಿಗೆ ಕೊಡಿ, ಕೊನೆ ಹೇಳಬೇಡಿ, ಅಣ್ಣನ ಬಗ್ಗೆ ಏನನ್ನಿಸುತ್ತದೆ ಅಂತ ಮಾತ್ರ ಕೇಳಿ.